ಇಪ್ಪತ್ತೇಳನೇ ಪುಟದ ಕವಿ

ನನ್ನ ಇಪ್ಪತ್ತೇಳನೇ ಪುಟದಲ್ಲಿ ಒಬ್ಬ ಮನುಷ್ಯನಿದ್ದಾನೆ. ಅವನಿಗೆ ಹೆಸರಿದೆ, ಊರಿದೆ, ಹುಟ್ಟಿದ ಇಸವಿಯಿದೆ, ತೀರಿಕೊಂಡ ತಾಯಿಯೂ ಇದ್ದಾಳೆ. ಅವನು ಮಾತ್ರ ಇಲ್ಲ. ಎಂದೂ ಇರಲಿಲ್ಲ. ಈ ಸಂಗತಿ ಅವನನ್ನು ಬರೆದವಳಿಗೆ ಗೊತ್ತಿತ್ತು, ಆಮೇಲೆ ಬಹಳ ವರ್ಷ ನನಗೊಬ್ಬಳಿಗೇ ಗೊತ್ತಿತ್ತು. ಯಾರಾದರೂ ನನ್ನನ್ನು ತೆರೆದು ಹಾಳೆ ಮಗುಚತೊಡಗಿದರೆ, ಇಪ್ಪತ್ತೈದು ದಾಟುತ್ತಿದ್ದಂತೆ ನನ್ನ ಹೊಲಿಗೆ ಬಿಗಿದುಕೊಳ್ಳುತ್ತಿತ್ತು. ಎರಡು ಹಾಳೆ ಒಟ್ಟಿಗೇ ಮಗುಚಿಹೋಗಲಿ ಎಂದು ಆಸೆಪಡುತ್ತಿದ್ದೆ. ಹಾಗೆ ಆಗಲೇ ಇಲ್ಲ. ಎಲ್ಲರಿಗೂ ಬೇಕಾಗಿದ್ದದ್ದು ಅದೇ ಪುಟ.

ನಾನು ಒಂದು ಪಾಠಯೋಜನೆ ಪುಸ್ತಕ. ಬಿ.ಇಡಿ ಓದುವವರು ಶಾಲೆಗೆ ಹೋಗಿ ಪಾಠ ಮಾಡುವ ಮುಂಚೆ, ತಾವು ಏನು ಕೇಳಬೇಕು, ಕಪ್ಪುಹಲಗೆಯ ಮೇಲೆ ಏನು ಬರೆಯಬೇಕು, ಯಾವ ಚಾರ್ಟು ಎಲ್ಲಿ ತೂಗುಹಾಕಬೇಕು ಎಂಬುದನ್ನೆಲ್ಲ ನನ್ನಂಥವರಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಮಕ್ಕಳು ಕೊಡಬೇಕಾದ ಉತ್ತರವನ್ನೂ ಮೊದಲೇ ಬರೆಯುತ್ತಾರೆ. ಅದು ನನಗೆ ಮೊದಮೊದಲು ಸೋಜಿಗವೆನಿಸಿತ್ತು. ಆಮೇಲೆ ರೂಢಿಯಾಯಿತು.

ಹುಟ್ಟಿದ್ದು ಹುಬ್ಬಳ್ಳಿಯ ಒಂದು ಛಾಪಖಾನೆಯಲ್ಲಿ. ಉದ್ದುದ್ದ ಹಾಳೆಗಳ ಮೇಲೆ ಅಡ್ಡಗೆರೆ, ಉದ್ದಗೆರೆ ಬಿದ್ದವು. ನೆತ್ತಿಯ ಮೇಲೆ ‘ಉದ್ದೇಶ’, ‘ಕಲಿಕಾ ಅನುಭವ’, ‘ಬೋಧನೋಪಕರಣ’, ‘ಮೌಲ್ಯಮಾಪನ’ ಎಂಬ ಮಾತುಗಳು ಬಿದ್ದವು. ಬಲಗಡೆಯ ಪುಟಗಳಿಗೆ ಮಾತ್ರ ಗೆರೆ. ಎಡಗಡೆಯವು ಖಾಲಿ. ಚಿತ್ರ ಬಿಡಿಸಲಿಕ್ಕೆ, ಇಲ್ಲವೇ ಮಾಸ್ತರರು ಟೀಕೆ ಬರೆಯಲಿಕ್ಕೆ ಎನ್ನುತ್ತಾರೆ. ಆ ಖಾಲಿ ಪುಟಗಳೇ ನನಗೆ ಇಷ್ಟ. ದಪ್ಪ ರಟ್ಟು ಅಂಟಿಸಿಕೊಂಡು, ಬೆನ್ನಿಗೆ ಕಂದು ಬಟ್ಟೆ ಸುತ್ತಿಕೊಂಡು, ನನ್ನ ಹಾಗೆಯೇ ಇದ್ದ ಇನ್ನೂರು ಜನರ ಜೊತೆ ಬಾಗಲಕೋಟೆ ಕಡೆಯ ಒಂದು ನೇಕಾರರ ಊರಿಗೆ ಬಂದೆ. ಅಲ್ಲಿ ಬಿ.ಇಡಿ ಕಾಲೇಜಿನ ಎದುರಿಗೆ ಪೆನ್ನು, ಪುಸ್ತಕ, ರಟ್ಟು ಮಾರುವ ಅಂಗಡಿ. ನನ್ನನ್ನು ಕೊಂಡವಳು ದಾನಮ್ಮ ಹೊಸಮನಿ.

ದಾನಮ್ಮನ ಅಕ್ಷರಗಳು ದುಂಡಗೆ, ಒಂದಕ್ಕೊಂದು ತಾಗದ ಹಾಗೆ ಇರುತ್ತಿದ್ದವು. ಗೆರೆ ಎಳೆಯಲು ಸ್ಕೇಲಿಲ್ಲದೆ ಪೆನ್ನು ಮುಟ್ಟುತ್ತಿರಲಿಲ್ಲ. ಆರು ಪಾಠ ಸುಸೂತ್ರವಾಗಿ ಬರೆದಳು. ಏಳನೆಯದು ಎಂಟನೇ ತರಗತಿಯ ಪುಸ್ತಕದ ಕೊನೆಯಲ್ಲಿದ್ದ ಪದ್ಯ, ‘ಅಚ್ಚೊತ್ತಿದ ರೊಟ್ಟಿ’. ಶೀರ್ಷಿಕೆಯ ಕೆಳಗೆ ‘ಇಟಲಿಯ ಕವಿತೆ’ ಎಂದಿತ್ತು, ಅಷ್ಟೇ. ಮೊದಲ ನಾಲ್ಕು ಸಾಲು ನನ್ನ ಮೈಮೇಲೆ ಈಗಲೂ ಇವೆ:

ಊರಿಗೆಲ್ಲ ಒಂದೇ ಒಲೆ, ಹದಿನೈದು ದಿನಕೊಮ್ಮೆ ಬೆಂಕಿ;
ತಲೆಯ ಮೇಲೆ ಹಲಗೆ ಹೊತ್ತು ಅಮ್ಮ ಇಳಿವಳು ಬೀದಿ.
ಯಾರ ಹಿಟ್ಟು ಯಾರದೆಂದು ಬೆಂಕಿಗೇನು ಗೊತ್ತು?
ಅಮ್ಮನೊತ್ತಿದ ಮರದ ಅಚ್ಚು ಬಲ್ಲದು ನಮ್ಮ ಮನೆಯ ಗುರುತು.

ಕನ್ನಡ ಪಾಠದಲ್ಲಿ ಪದ್ಯಕ್ಕಿಂತ ಮುಂಚೆ ಕವಿ ಬರಬೇಕು. ಸ್ಥಳ, ಕಾಲ, ಕೃತಿ, ಬಿರುದು, ಈ ನಾಲ್ಕೂ ಹೇಳಿಯೇ ಪದ್ಯಕ್ಕೆ ಕೈಹಾಕಬೇಕು. ಇಲ್ಲದಿದ್ದರೆ ಚಪ್ಪಲಿ ಹಾಕಿಕೊಂಡು ದೇವರ ಕೋಣೆ ಹೊಕ್ಕವರನ್ನು ನೋಡುವ ಹಾಗೆ ನೋಡುತ್ತಾರೆ. ದಾನಮ್ಮ ‘ಕವಿ ಪರಿಚಯ’ ಎಂಬ ಜಾಗವನ್ನು ಖಾಲಿ ಬಿಟ್ಟು, ಸಹಿಗೆಂದು ನನ್ನನ್ನು ತಟ್ಟಿಮನಿ ಸರ್ ಮುಂದೆ ಇಟ್ಟಳು. ಅವರು ಆ ಕಾಲೇಜಿನಲ್ಲಿ ಕನ್ನಡ ಬೋಧನೆ ಕಲಿಸುವ ಅಧ್ಯಾಪಕರು. ಕೆಂಪು ಪೆನ್ನಿನ ಟೊಪ್ಪಿಗೆ ತೆಗೆದವರು ಅಲ್ಲಿಗೇ ನಿಂತರು.

“ಇದೇನಿದು, ಇಲ್ಲಿ ಖಾಲಿ ಬಿಟ್ಟೀಯಲ್ಲ ತಂಗಿ?”

“ಪುಸ್ತಕದಾಗ ಕವಿ ಹೆಸರ ಇಲ್ರಿ ಸರ್.”

“ಪುಸ್ತಕದಾಗ ಇಲ್ಲಂದ್ರ ಹುಡುಕು. ಕವಿ ಇಲ್ಲದ ಪದ್ಯ ಎಲ್ಲರ ಇರ್ತೈತೇನು? ತಾನs ಬೆಳ್ಯಾಕ ಅದೇನು ಕರಿಕಿ ಹುಲ್ಲೇ? ನಾಳೆ ತುಂಬಿಕೊಂಡು ಬಾ, ಸಹಿ ಹಾಕ್ತೀನಿ.”

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ದಾನಮ್ಮ ಲೈಬ್ರರಿಯಲ್ಲಿ ಕೂತಳು. ಇಟಲಿ ಎಂಬ ಮಾತು ಸಿಕ್ಕಿದ್ದು ಎರಡೇ ಕಡೆ. ಸಮಾಜ ಪುಸ್ತಕದಲ್ಲಿ ನಮ್ಮ ದೇಶಕ್ಕೆ ಬಂದ ಪ್ರವಾಸಿಯೊಬ್ಬನ ಹೆಸರು, ವಿಜ್ಞಾನ ಪುಸ್ತಕದಲ್ಲಿ ಪಾದರಸದ ಕೊಳವೆಯ ಪಾಠದಲ್ಲಿ ಇನ್ನೊಬ್ಬನ ಹೆಸರು. ಆಕೆ ಅದರ ಅರ್ಧ, ಇದರ ಅರ್ಧ ತೆಗೆದುಕೊಂಡಳು. ‘ಮಾರ್ಕೊ ಟಾರಿಸೆಲ್ಲಿ. ಕಾಲ: ಕ್ರಿ.ಶ. ೧೮೮೭. ಸ್ಥಳ: ದಕ್ಷಿಣ ಇಟಲಿಯ ಒಂದು ಗ್ರಾಮ. ತಂದೆ ರೊಟ್ಟಿ ಸುಡುವ ಕಾಯಕದವರು. ಏಳನೇ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. ಆ ತಾಯಿಯ ನೆನಪಿನಲ್ಲಿ ಪ್ರಸ್ತುತ ಕವಿತೆಯನ್ನು ರಚಿಸಿದ್ದಾರೆ.’ ಬರೆದ ಮೇಲೆ ಪೆನ್ಸಿಲ್ಲಿನಿಂದ ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಸ್ವಲ್ಪ ಹೊತ್ತು ಅದನ್ನೇ ನೋಡಿ, ರಬ್ಬರಿನಿಂದ ಉಜ್ಜಿದಳು. ತಟ್ಟಿಮನಿ ಸರ್ ಸಹಿ ಹಾಕಿ ಪಕ್ಕದಲ್ಲಿ ‘ಉತ್ತಮ’ ಎಂದು ಬರೆದರು. ಅವರ ಕೆಂಪು ಮಸಿ ಆ ಹಾಳೆಯ ಹಿಂಬದಿಗೂ ಇಳಿದಿದೆ.

ದಾನಮ್ಮ ಪಾಸಾದಳು, ನೌಕರಿ ಹಿಡಿದು ಹೊಸಪೇಟೆಯ ಕಡೆ ಹೋದಳು. ನಾನು ಮುಂದಿನ ಬ್ಯಾಚಿನ ಸಂಗನಬಸುವಿನ ಕೈಗೆ ಬಂದೆ. ಹೀಗೆ ದಾಟಿಬರುವುದು ನಮ್ಮ ಜಾತಿಯ ಹಣೆಬರಹ. ಹಿರಿಯರು ಬರೆದದ್ದನ್ನು ಕಿರಿಯರು ನೋಡಿಕೊಂಡು ತಮ್ಮ ಹೊಸ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ. ಇದನ್ನು ಯಾರೂ ಕದಿಯುವುದು ಎನ್ನುವುದಿಲ್ಲ, ‘ರೆಫರ್ ಮಾಡೋದು’ ಎನ್ನುತ್ತಾರೆ. ಸಂಗನಬಸು ದೊಡ್ಡ ದನಿಯ ಹುಡುಗ. ಗೆಳೆಯನ ಕೋಣೆಯಲ್ಲಿ ಅಂಗಾತ ಮಲಗಿ, ನನ್ನನ್ನು ಎದೆಯ ಮೇಲೆ ನಿಲ್ಲಿಸಿಕೊಂಡು ಕೇಳಿದ.

“ಲೇ, ಬಿರುದು ಖಾಲಿ ಐತಲೋ ಇದರಾಗ.”

“ಹಾಕಲೇ ಒಂದು. ಇಟಲಿಗೆ ಯಾರ ಹೋಗಿ ನೋಡ್ತಾರ?”

“ಏನಂತ ಹಾಕ್ಲಿ?”

“ರೊಟ್ಟಿ ಮ್ಯಾಲೆ ಬರದಾನಲ್ಲ. ರೊಟ್ಟಿಯ ಕವಿ ಅಂತ ಹಾಕು.”

ಹಾಕಿದ, ನನ್ನ ಅಂಚಿನಲ್ಲಿಯೇ. ಗಡಿಯಾರದ ಅಂಗಡಿಯ ಕ್ಯಾಲೆಂಡರಿನಿಂದ ಗಡ್ಡದ ವಿದೇಶಿ ಮುದುಕನೊಬ್ಬನನ್ನು ಕತ್ತರಿಸಿ ಚಾರ್ಟಿಗೆ ಅಂಟಿಸಿದ. ಅವನ ಪಾಠ ಚೆನ್ನಾಗಿ ಆಯಿತಂತೆ. ಮುಂದಿನವರು ಚಾರ್ಟನ್ನೂ ಕೇಳಿ ಪಡೆದರು. ಅದರ ಮುಂದಿನವರು ನನ್ನ ಆ ಪುಟವನ್ನು ಝೆರಾಕ್ಸ್ ಮಾಡಿಸಿದರು. ಯಂತ್ರದ ಹಸಿರು ಬೆಳಕು ನನ್ನ ಮೇಲೆ ಹಾದಾಗಲೆಲ್ಲ ಆ ಮನುಷ್ಯ ಇನ್ನೊಂದು ಸಲ ಹುಟ್ಟುತ್ತಿದ್ದ. ಶಾಲೆಯ ಪರೀಕ್ಷೆಯಲ್ಲಿ ‘ಮಾರ್ಕೊ ಟಾರಿಸೆಲ್ಲಿಯವರ ಕವಿ ಪರಿಚಯ ಬರೆಯಿರಿ’ ಎಂದು ಮೂರು ಅಂಕಕ್ಕೆ ಪ್ರಶ್ನೆ ಬಂದಿತು. ಮಕ್ಕಳು ಬರೆದರು. ತಾಯಿ ಸತ್ತ ಸಾಲು ಬಿಟ್ಟವರಿಗೆ ಅರ್ಧ ಅಂಕ ಕಡಿಮೆಯಾಯಿತು.

ನನ್ನ ಎಂಟನೇ ಒಡತಿ ಜೈತುನ್ ನದಾಫ. ಕಾಲೇಜಿನಲ್ಲಿ ಅವಳ ಹೆಸರು ಗೊತ್ತಿದ್ದವರು ಕಡಿಮೆ. ಹಾಜರಿ ಕರೆದಾಗ ಅವಳು ‘ಎಸ್ ಸರ್’ ಎಂದದ್ದು ಕೇಳಿಸದೆ ಎರಡು ಸಲ ಗೈರುಹಾಜರಿ ಬಿದ್ದಿತ್ತು. ಅವಳು ಅದನ್ನು ಸರಿಮಾಡಿಸಲು ಹೋಗಲಿಲ್ಲ. ಆದರೆ ಬರೆಯುತ್ತಿದ್ದಳು. ಕಾಲೇಜಿಗೆ ಕೊಡಬೇಕಾದ ದಿನಚರಿ ಒಂದಿತ್ತು. ಅದರಲ್ಲಿ ‘ಇಂದಿನ ಪಾಠ ಫಲಪ್ರದವಾಗಿತ್ತು, ಮಕ್ಕಳು ಉತ್ಸಾಹದಿಂದ ಪಾಲ್ಗೊಂಡರು’ ಎಂದು ಎಲ್ಲರಂತೆ ಬರೆಯುತ್ತಿದ್ದಳು. ನಿಜವಾದದ್ದನ್ನು ನನ್ನ ಎಡಗಡೆಯ ಖಾಲಿ ಪುಟಗಳಲ್ಲಿ ಪೆನ್ಸಿಲ್ಲಿನಿಂದ ಸಣ್ಣಗೆ ಬರೆಯುತ್ತಿದ್ದಳು. ‘ಇವತ್ತು ನನ್ನ ದನಿ ಮೂರನೇ ಬೆಂಚು ದಾಟಲಿಲ್ಲ.’ ‘ಊಟದ ಹೊತ್ತಿಗೆ ಒಬ್ಬಳೇ ಕೂತೆ. ಯಾರೂ ಕರೆಯಲಿಲ್ಲ ಅಂತಲ್ಲ, ಕರೆದರೆ ಏನು ಮಾತಾಡಲಿ ಅಂತ.’ ‘ನಾನು ಟೀಚರ್ ಆಗಬೇಕು ಅಂದದ್ದು ಅಪ್ಪ. ನನಗೆ ಏನು ಬೇಕು ಅಂತ ಇನ್ನೂ ಕೇಳಿಕೊಂಡಿಲ್ಲ.’ ಎಂಟು ವರ್ಷದಲ್ಲಿ ನನ್ನ ಮೇಲೆ ಬಿದ್ದ ಬರಹದಲ್ಲಿ ಯಾರಿಂದಲೂ ಇಳಿಸಿಕೊಳ್ಳದೆ ಬಂದದ್ದು ಇಷ್ಟೇ.

ಅವಳ ಅಪ್ಪನದು ಗಾದಿ ಹೊಲಿಯುವ ಅಂಗಡಿ. ಗೋಡೆಯುದ್ದಕ್ಕೂ ಹಿಂಜಿದ ಹತ್ತಿ ಒಟ್ಟಿರುತ್ತಿತ್ತು. ಅವಳು ಅಲ್ಲಿ ನಿಂತು ಪಾಠ ರೂಢಿಸುತ್ತಿದ್ದಳು. ಹತ್ತಿ ದನಿಯನ್ನು ನುಂಗುತ್ತದೆ. ಅದಕ್ಕೇ ಆ ಜಾಗ ಅವಳಿಗೆ ಹಿಡಿಸುತ್ತಿತ್ತು. ಅವಳ ತಾಯಿ ಹುಸೇನಬಿ ಮೊಣಕಾಲ ಮೇಲೆ ಗಾದಿಯ ಅಂಚು ಇಟ್ಟುಕೊಂಡು ದಬ್ಬಣ ಎಳೆಯುತ್ತಿದ್ದರು.

“ಜೋರ ಓದಬೇ. ಹತ್ತಿ ಏನ್ ನಿನ್ನ ಕಚ್ಚತೈತೇನು?”

“ಓದಾಕತ್ತೀನಲ್ಲವ್ವಾ.”

“ಓದಾಕತ್ತೀ, ಖರೆ. ನಿನ್ನ ಗಲ್ಲಕ್ಕೊಂದ ಕೇಳಾಕತ್ತೈತಿ.”

ಜೈತುನ್ ನಕ್ಕು, ಸ್ವಲ್ಪ ದನಿ ಏರಿಸಿ ಇಪ್ಪತ್ತೇಳನೇ ಪುಟ ಓದಿದಳು. ಏಳನೇ ವಯಸ್ಸು ಎಂಬಲ್ಲಿಗೆ ಬಂದಾಗ ದಬ್ಬಣ ನಿಂತಿತು.

“ಏಳ ವರ್ಷದ ಕೂಸೇನು? ಪಾಪ,” ಎಂದರು ಹುಸೇನಬಿ.

ಯಾರೋ ಊಟದ ಬಿಡುವಿನಲ್ಲಿ ಕಟ್ಟಿದ ಸುಳ್ಳಿಗೆ ಯಾರೋ ಪಾಪ ಎಂದರು. ನಾನು ರಟ್ಟಿನೊಳಗೆ ಮುದುಡಿದೆ.

ಅಭ್ಯಾಸದ ಪಾಠಕ್ಕೆ ಜೈತುನ್‌ಗೆ ಸಿಕ್ಕಿದ್ದು ಊರಿನ ಹೈಸ್ಕೂಲಿನ ಎಂಟನೇ ತರಗತಿ. ಕಿಟಕಿಯ ಆಚೆ ಮಗ್ಗಗಳ ಕೊಟ್ಟಿಗೆ, ದಿನವಿಡೀ ಖಟಖಟ. ಮೇಜಿನ ಮೇಲೆ ನಾನು ತೆರೆದಿದ್ದೆ. ಪೀಠಿಕೆಯ ಮೊದಲ ಪ್ರಶ್ನೆ ಕೇಳಿದಳು: “ನಿಮ್ಮ ಮನ್ಯಾಗ ಹಿಟ್ಟು ಎಲ್ಲಿ ಹಾಕಿಸ್ತಾರ?”

ನನ್ನಲ್ಲಿ ಬರೆದಿದ್ದ ಉತ್ತರ: ಗಿರಣಿಯಲ್ಲಿ. ಮಕ್ಕಳೂ ಗಿರಣಿ ಎಂದರು. ಅವಳು ಮುಂದುವರಿದು, ಇಟಲಿಯ ಆ ಹಳ್ಳಿಯಲ್ಲಿ ಊರಿಗೆಲ್ಲ ಒಂದೇ ದೊಡ್ಡ ಒಲೆ, ಎಲ್ಲರ ರೊಟ್ಟಿ ಅದರಲ್ಲೇ ಸುಡುವುದು, ಅದಲುಬದಲಾಗದಿರಲಿ ಎಂದು ಹಸಿ ಹಿಟ್ಟಿನ ಮೇಲೆ ಒಂದೊಂದು ಮನೆಯವರು ಒಂದೊಂದು ಮರದ ಅಚ್ಚು ಒತ್ತುವುದು ಎಂದು ಹೇಳುತ್ತಿದ್ದಳು. ನಡುವಿನ ಬೆಂಚಿನಿಂದ ಒಂದು ದನಿ ಎದ್ದಿತು.

“ಅಕ್ಕೋರ, ಗಿರಣ್ಯಾಗ ನಮ್ಮ ಡಬ್ಬಿ ಮ್ಯಾಲೆ ನಮ್ಮಪ್ಪ ಕೆಂಪ ಬಣ್ಣದಾಗ ಹೆಸರ ಬರದಾನ್ರಿ. ಹಂಗೇನ್ರಿ?”

“ನಮ್ಮ ಡಬ್ಬಿಗೆ ಸೊನ್ನಿ ಹಾಕೀವ್ರಿ!”

“ನಿಂದು ಎಲ್ಲಾದರಾಗೂ ಸೊನ್ನಿನs ಬಿಡ!”

ತರಗತಿ ನಕ್ಕಿತು. ಜೈತುನ್ ಕೂಡ. ನಾನು ನನ್ನ ಪುಟಗಳನ್ನೆಲ್ಲ ಹುಡುಕಿದೆ. ಈ ಉತ್ತರ ಎಲ್ಲಿಯೂ ಬರೆದಿರಲಿಲ್ಲ. ಎಂಟು ವರ್ಷ ಆ ಪದ್ಯ ನನ್ನ ಮೈಮೇಲಿದ್ದರೂ ಅದು ನನಗೆ ಅರ್ಥವಾದದ್ದು ಆ ಹೊತ್ತಿಗೆ.

ಆಮೇಲೆ ಕವಿ ಪರಿಚಯ. ಅವಳು ನನ್ನನ್ನು ನೋಡಿಕೊಂಡು ಹೇಳಿದಳು. ಗೋಡೆಯ ಕಡೆಯ ಬೆಂಚಿನಲ್ಲಿ ಕಸ್ತೂರಿ ಎಂಬ ಹುಡುಗಿ ಕೂತಿದ್ದಳು. ಹಿಂದಿನ ಶ್ರಾವಣದಲ್ಲಿ ಅವಳ ತಾಯಿ ತೀರಿಕೊಂಡಿದ್ದರು. ಅಂದಿನಿಂದ ತರಗತಿಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಯಾವ ಮಾಸ್ತರರೂ ಒತ್ತಾಯ ಮಾಡುತ್ತಿರಲಿಲ್ಲ. ಏಳನೇ ವಯಸ್ಸಿನಲ್ಲಿ ಎಂದ ಕೂಡಲೇ ಆ ಹುಡುಗಿ ತಲೆ ಎತ್ತಿದಳು. ಗಂಟೆ ಬಾರಿಸಿ ಎಲ್ಲರೂ ಹೊರಗೆ ಓಡಿದ ಮೇಲೆ ಮೇಜಿನ ಹತ್ತಿರ ಬಂದು ನಿಂತಳು.

“ಅಕ್ಕೋರ, ಅವರ ಅವ್ವ ಹೋದ ಮ್ಯಾಲೆ ಅವರಿಗೆ ರೊಟ್ಟಿ ಯಾರು ಮಾಡಿಕೊಟ್ರು?”

ಜೈತುನ್ ನನ್ನ ಕಡೆ ನೋಡಿದಳು. ನನ್ನಲ್ಲಿ ಇರಲಿಲ್ಲ.

“ಗೊತ್ತಿಲ್ಲವ್ವಾ. ಹುಡುಕಿ ಹೇಳ್ತೀನಿ.”

“ನಾಳೆ?”

“ನಾಳೆ.”

ದಾನಮ್ಮನ ನಂತರದ ಆರು ಜನರಲ್ಲಿ ಯಾರೂ ಹುಡುಕಿರಲಿಲ್ಲ. ಇವಳು ಹುಡುಕಿದಳು, ಆ ಹುಡುಗಿಗೆ ಹೇಳುತ್ತೇನೆ ಅಂದುಬಿಟ್ಟಿದ್ದಳಲ್ಲ ಎಂಬ ಕಾರಣಕ್ಕೆ. ಮೊಬೈಲಿನಲ್ಲಿ ಹೆಸರು ಹಾಕಿದರೆ ಪಾದರಸದ ಕೊಳವೆ ಬಂತು. ಕಾಲೇಜಿನ ಲೈಬ್ರರಿಯಲ್ಲಿ ಏನೂ ಸಿಗಲಿಲ್ಲ. ಮೂರನೇ ದಿನ ಹೈಸ್ಕೂಲಿನ ಸಿಪಾಯಿಯನ್ನು ಕೇಳಿ ಹಳೆಯ ಪುಸ್ತಕಗಳ ಕಬ್ಬಿಣದ ಕಪಾಟು ತೆಗೆಸಿದಳು. ಅಲ್ಲಿ ಅದೇ ಪಠ್ಯಪುಸ್ತಕದ ಮೊದಲ ಮುದ್ರಣ ಇತ್ತು, ಅಂಚು ಇಲಿ ಕಡಿದಿದ್ದು. ಪದ್ಯದ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು: ‘ದಕ್ಷಿಣ ಇಟಲಿಯ ಹಳ್ಳಿಗಳಲ್ಲಿ ಹೆಂಗಸರು ಒಲೆಯ ಬಳಿ ಸರದಿ ಕಾಯುತ್ತ ಹಾಡುತ್ತಿದ್ದ ಪದ. ಕಟ್ಟಿದವರು ಯಾರೆಂದು ತಿಳಿಯದು.’ ಮುಂದಿನ ಮುದ್ರಣದಲ್ಲಿ ಜಾಗ ಸಾಲದೆಯೋ ಏನೋ ಆ ಸಾಲು ಬಿಟ್ಟಿದ್ದರು.

ಜೈತುನ್ ನೆಲದ ಮೇಲೆ ಕೂತು ಆ ಪುಸ್ತಕವನ್ನೂ ನನ್ನನ್ನೂ ಪಕ್ಕಪಕ್ಕ ತೆರೆದಿಟ್ಟಳು. ದಾನಮ್ಮ ಉಜ್ಜಿದ ಜಾಗದ ಮೇಲೆ ಬೆರಳಾಡಿಸಿದಳು. ನನಗೆ ಅಂಜಿಕೆಯಾಗಲಿಲ್ಲ. ಬಹಳ ದಿನದಿಂದ ಒಬ್ಬಳೇ ಹೊತ್ತಿದ್ದ ಭಾರಕ್ಕೆ ಇನ್ನೊಬ್ಬರು ಹೆಗಲು ಕೊಟ್ಟಂತಾಯಿತು. ಅವಳು ಎಡಪುಟದಲ್ಲಿ ಬರೆದಳು: ‘ಇವರು ಇಲ್ಲ. ಬೀಸುವಾಗ ನಮ್ಮಜ್ಜಿ ಹಾಡುತ್ತಿದ್ದಳಲ್ಲ, ಹಾಗೆ ಯಾರೋ ಹೆಂಗಸರು ಹಾಡಿದ್ದು.’ ಸ್ವಲ್ಪ ಬಿಟ್ಟು: ‘ಕಸ್ತೂರಿಗೆ ಏನು ಹೇಳಲಿ?’

ಯಾಕೆಂದರೆ ಅಷ್ಟರಲ್ಲಿ ಕಸ್ತೂರಿ ಗೋಡೆಯ ಬೆಂಚು ಬಿಟ್ಟು ಮುಂದೆ ಬಂದು ಕೂರುತ್ತಿದ್ದಳು. ಪ್ರಶ್ನೆಗೆ ಕೈ ಎತ್ತುತ್ತಿದ್ದಳು. ತನ್ನ ನೋಟುಬುಕ್ಕಿನ ಮೊದಲ ಪುಟದಲ್ಲಿ ‘ಮಾರ್ಕೊ ಟಾರಿಸೆಲ್ಲಿ’ ಎಂದು ಬಣ್ಣದ ಪೆನ್ಸಿಲ್ಲಿನಿಂದ ಬರೆದುಕೊಂಡಿದ್ದಳು. ಅವರ ಕ್ಲಾಸ್ ಟೀಚರು ಜೈತುನ್‌ಗೆ ವರಾಂಡದಲ್ಲಿ ಸಿಕ್ಕು, “ನೀ ಬಂದಿದ್ದ ಚಲೋ ಆತು ನೋಡವಾ. ಆ ಹುಡುಗಿ ಎಂಟ ತಿಂಗಳಾದ ಮ್ಯಾಲೆ ಮಾತಾಡಾಕತ್ತೈತಿ,” ಎಂದಿದ್ದರು. ಕಸ್ತೂರಿ ದಿನಾ ಒಂದು ಸಲ ಮೇಜಿನ ಹತ್ತಿರ ಬರುತ್ತಿದ್ದಳು. “ಸಿಕ್ತೇನ್ರಿ ಅಕ್ಕೋರ?” ಜೈತುನ್ ದಿನಾ “ನಾಳೆ” ಎನ್ನುತ್ತಿದ್ದಳು.

ಇನ್ನೊಂದು ತೊಡಕಿತ್ತು. ಕೊನೆಯ ಪರೀಕ್ಷೆಗೆ, ಅಂದರೆ ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಮಾಡಬೇಕಾದ ಪಾಠಕ್ಕೆ, ಅವಳು ಇದೇ ಪದ್ಯವನ್ನು ಬರೆದುಕೊಟ್ಟಾಗಿತ್ತು. ಅದೇ ತರಗತಿ, ಅದೇ ಮಕ್ಕಳು. ಅದರಲ್ಲಿ ನಪಾಸಾದರೆ ಬಿ.ಇಡಿಯೇ ಇಲ್ಲ. ಅವಳು ಇಲಿ ಕಡಿದ ಪುಸ್ತಕವನ್ನು ತೆಗೆದುಕೊಂಡು ತಟ್ಟಿಮನಿ ಸರ್ ಹತ್ತಿರ ಹೋದಳು. ನಾನು ಅವಳ ಕಂಕುಳಲ್ಲಿದ್ದೆ.

ಸರ್ ಕನ್ನಡಕ ಏರಿಸಿ ಆ ಎರಡು ಸಾಲು ಓದಿದರು. ನನ್ನ ಪುಟವನ್ನೂ ಓದಿದರು. ತಮ್ಮದೇ ಕೆಂಪು ಸಹಿಯನ್ನು ಬೆರಳಿನಿಂದ ಮುಚ್ಚಿದರು.

“ಯಾರಿಗೆ ಹೇಳೀಯವಾ ಇದನ್ನ?”

“ಯಾರಿಗೂ ಇಲ್ರಿ.”

“ಎಂಟ ಬ್ಯಾಚಿಗೆ ನಾನs ಸಹಿ ಹಾಕೀನಿ. ಈಗ ಇದ್ದಕ್ಕಿದ್ದಂಗ ಅಂವ ಇಲ್ಲ ಅಂದ್ರ ನನ್ನ ಮಾರಿ ಎಲ್ಲಿಡ್ಲಿ?”

“ಕವಿ ತಿಳಿದಿಲ್ಲ ಅಂತ ಬರದ್ರ ನಡಿಯೂದಿಲ್ಲೇನ್ರಿ?”

“ಫಾರ್ಮ್ಯಾಟ್ ಐತಲ್ಲವಾ. ಬಂದವರು ಹೆಂಗ ಇರ್ತಾರೋ, ಕವಿ ಪರಿಚಯಕ್ಕ ಐದ ಮಾರ್ಕ ಬ್ಯಾರೆ. ನೀ ಮೊದಲs ಮಾತಾಡೂದು ಕಡಿಮಿ. ಅಲ್ಲಿ ಐದು ಹೋದ್ರ, ದನಿಗೆ ಐದು ಹೋದ್ರ, ಉಳಿಯೂದೇನು?” ಅವರು ನನ್ನನ್ನು ಮುಚ್ಚಿ ಅವಳ ಕಡೆ ಸರಿಸಿದರು. ಸಿಟ್ಟಿನಿಂದಲ್ಲ. “ಪರೀಕ್ಷೆ ಮುಗೀಲಿ. ಆಮ್ಯಾಲೆ ಇಬ್ರೂ ಕೂಡಿ ಅವನನ್ನ ಸಾಯಸೋಣಂತ.”

ಜೈತುನ್ ತನ್ನದೇ ಹೊಸ ಪುಸ್ತಕದಲ್ಲಿ ಎಲ್ಲವನ್ನೂ ನನ್ನಿಂದ ನೋಡಿ ಇಳಿಸಿಕೊಂಡಳು. ಕವಿ ಪರಿಚಯದ ಜಾಗವನ್ನೂ ಪೆನ್ನಿನಿಂದ ತುಂಬಿದಳು. ಅದೇ ಮಾತು, ಅದೇ ಇಸವಿ. ನಾನು ಎದುರಿಗೇ ತೆರೆದುಕೊಂಡಿದ್ದೆ. ನೋಡದಿರಲು ನನಗೆ ಕಣ್ಣುಮುಚ್ಚುವ ಶಕ್ತಿಯಿಲ್ಲ. ಎಡಪುಟದಲ್ಲಿ ಅಂದು ಅವಳು ಏನೂ ಬರೆಯಲಿಲ್ಲ.

ಮುಂದೆ ನನಗೇನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಅದು ದೊಡ್ಡ ಕಥೆಯಲ್ಲ, ಪರೀಕ್ಷೆಯ ದಿನದ ನಂತರಕ್ಕೆ ಇಟ್ಟುಕೊಳ್ಳುವಂಥದ್ದೂ ಅಲ್ಲ. ಜೈತುನ್ ನನ್ನನ್ನು ಒಂಬತ್ತನೆಯವರಿಗೆ ಕೊಡಲಿಲ್ಲ. ಇಬ್ಬರು ಕಿರಿಯರು ಅಂಗಡಿಯವರೆಗೆ ಬಂದು ಕೇಳಿದರು. ಅವಳು ಅವರನ್ನು ಕೂರಿಸಿ ಚಹಾ ಕೊಟ್ಟು, ಪದ್ಯವನ್ನು ಬಾಯಲ್ಲೇ ಹೇಳಿಕೊಟ್ಟು ಕಳಿಸಿದಳು. ಈಗ ನಾನು ಗಾದಿ ಅಂಗಡಿಯ ಗೋಡೆಯ ಮಾಡಿನಲ್ಲಿ, ಅಳತೆಯ ಪಟ್ಟಿ ಮತ್ತು ದಾರದ ಉಂಡೆಗಳ ಪಕ್ಕ ಇದ್ದೇನೆ. ನನ್ನ ಅಂಚು ಹಳದಿಯಾಗಿದೆ. ಹತ್ತಿಯ ಎಳೆ ಒಂದಷ್ಟು ಹೊಲಿಗೆಯೊಳಗೆ ಸೇರಿಕೊಂಡಿದೆ. ಹುಸೇನಬಿ ಒಮ್ಮೊಮ್ಮೆ ನನ್ನ ಮೇಲೆ ಚಹಾದ ಲೋಟ ಇಡುತ್ತಾರೆ. ಬೇಸರವಿಲ್ಲ. ಇಲ್ಲಿ ಕೂತು ಯೋಚಿಸಿದಾಗ ದಾನಮ್ಮನ ಮೇಲೂ ಸಿಟ್ಟು ಬರುವುದಿಲ್ಲ. ಅವಳು ಕೆಟ್ಟವಳಾಗಿರಲಿಲ್ಲ, ಖಾಲಿ ಬಿಡಲು ಅವಳಿಗೆ ಯಾರೂ ಕಲಿಸಿರಲಿಲ್ಲ, ಅಷ್ಟೇ. ನಾನೂ ಅಷ್ಟೇ ಅಲ್ಲವೇ. ಬರೆಸಿಕೊಂಡೇ ಬೆಳೆದವಳು. ನನ್ನ ಮೇಲೆ ಬಿದ್ದದ್ದೆಲ್ಲ ನಿಜವೆಂದು ಜನ ನಂಬುವುದನ್ನು ನೋಡುತ್ತ, ಇಲ್ಲ ಎನ್ನಲು ಬಾಯಿಲ್ಲದೆ ಕೂತವಳು.

ಪರೀಕ್ಷೆಯ ದಿನ ಬೆಳಿಗ್ಗೆ ಹತ್ತೂವರೆಗೆ ಪರೀಕ್ಷಕರು ಬಂದರು. ವಿಜಯಪುರದವರು, ಬಿಳಿ ಅಂಗಿಯ ಗಂಭೀರ ಮನುಷ್ಯ. ಕೊನೆಯ ಬೆಂಚಿನಲ್ಲಿ ಕೂತು ಜೈತುನ್‌ಳ ಹೊಸ ಪುಸ್ತಕ ತೆರೆದರು. ತಟ್ಟಿಮನಿ ಸರ್ ಬಾಗಿಲ ಬಳಿ ನಿಂತಿದ್ದರು. ನಾನು ಮೇಜಿನ ಮೇಲೆ, ಚಾಕ್‌ಪೀಸಿನ ಡಬ್ಬಿಯ ಪಕ್ಕ. ಆಚೆ ಮಗ್ಗಗಳು ಶುರುವಾಗಿದ್ದವು.

ಪೀಠಿಕೆ ಚೆನ್ನಾಗಿ ಹೋಯಿತು. ಮಕ್ಕಳು ಹಿಟ್ಟಿನ ಡಬ್ಬಿ, ಕೆಂಪು ಹೆಸರು, ಸೊನ್ನೆ ಎಲ್ಲ ಹೇಳಿದರು; ಪರೀಕ್ಷಕರು ಒಮ್ಮೆ ಮುಗುಳ್ನಕ್ಕರು. ಜೈತುನ್ ಶೀರ್ಷಿಕೆ ಬರೆದಳು. ಪದ್ಯ ಓದಿದಳು. ಸಣ್ಣ ದನಿಯಾದರೂ ಓದು ಒಳ್ಳೆಯದಿತ್ತು, ಬೀಸುವ ಪದದ ಧಾಟಿ ಅದರಲ್ಲಿ ತಾನಾಗಿ ಸೇರಿಕೊಂಡಿತ್ತು. ನಂತರ ಕವಿ ಪರಿಚಯವನ್ನು ಬಿಟ್ಟು ನೇರ ಕಠಿಣ ಪದಗಳಿಗೆ ಹೋದಳು. ಸುಳ್ಳನ್ನೂ ಹೇಳದೆ, ನಿಜವನ್ನೂ ಹೇಳದೆ ದಾಟಿಬಿಡಬೇಕೆಂದು ಅವಳು ಯೋಚಿಸಿದ್ದಳೆಂದು ಕಾಣುತ್ತದೆ.

“ಟೀಚರ್,” ಪರೀಕ್ಷಕರು ಪೆನ್ನು ಎತ್ತಿದರು. “ಕವಿ ಪರಿಚಯ ಬಿಟ್ರಲ್ಲ? ಇಲ್ಲಿ ಬರದೀರಿ.”

ಜೈತುನ್ ಹಲಗೆ ಬಿಟ್ಟು ಮೇಜಿಗೆ ಬಂದು ನನ್ನ ಮೇಲೆ ಕೈಯಿಟ್ಟಳು. ಮುಂದಿನ ಬೆಂಚಿನಲ್ಲಿ ಕಸ್ತೂರಿ ತಾನಾಗಿಯೇ ಎದ್ದು ನಿಂತಳು. ತಮ್ಮ ಅಕ್ಕೋರು ಸಿಕ್ಕಿಬಿದ್ದಿದ್ದಾರೆ, ತನಗೆ ಬರುತ್ತದೆ, ಹೇಳಿ ಬಿಡಿಸುತ್ತೇನೆ ಎಂಬ ಅವಸರ ಅವಳ ಮುಖದಲ್ಲಿ ಕಾಣುತ್ತಿತ್ತು.

“ನಾ ಹೇಳ್ತೀನ್ರಿ ಸರ್. ಮಾರ್ಕೊ ಟಾರಿಸೆಲ್ಲಿ. ಕಾಲ ಕ್ರಿಸ್ತ ಶಕ ಹದಿನೆಂಟು ನೂರಾ ಎಂಬತ್ತೇಳು. ದಕ್ಷಿಣ ಇಟಲಿಯ ಒಂದು ಗ್ರಾಮ. ಏಳನೇ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು.” ಅಲ್ಲಿ ಒಂದು ಉಸಿರು ನಿಂತು, “ಆದ್ರೂ ಕವಿ ಆದ್ರು,” ಎಂದು ಸೇರಿಸಿದಳು. ಆ ಕೊನೆಯ ಮಾತು ಯಾರ ಪುಸ್ತಕದಲ್ಲೂ ಇರಲಿಲ್ಲ.

“ಶಾಬಾಷ್!” ಎಂದರು ಪರೀಕ್ಷಕರು. “ಟೀಚರ್, ಮಕ್ಕಳಿಗೆ ಭಾಳ ಚಲೋ ಮುಟ್ಟಿಸೀರಿ.” ಪೆನ್ನು ಹಾಳೆಯ ಮೇಲೆ ಇಳಿಯಿತು. ಬಾಗಿಲ ಬಳಿ ತಟ್ಟಿಮನಿ ಸರ್ ಕರವಸ್ತ್ರದಿಂದ ಹಣೆ ಒರೆಸಿಕೊಂಡರು. ಎಲ್ಲ ಮುಗಿದಿತ್ತು. ಇನ್ನು ಹತ್ತು ನಿಮಿಷ ಕಠಿಣ ಪದ, ಮನೆಗೆಲಸ ಕೊಟ್ಟು ಗಂಟೆಗೆ ಕಾಯುವುದಷ್ಟೇ ಉಳಿದಿತ್ತು. ಪುಣ್ಯಕ್ಕೆ, ಅಂದುಕೊಂಡೆ. ನನಗೂ ನಾಚಿಕೆಯಾಗುವಂತೆ ಅಂದುಕೊಂಡೆ.

ಕಸ್ತೂರಿ ಕೂರಲಿಲ್ಲ. ಹೊಗಳಿಕೆಯಿಂದ ಅವಳಿಗೆ ಧೈರ್ಯ ಬಂದಿತ್ತು.

“ಅಕ್ಕೋರ, ಇವತ್ತರ ಹೇಳ್ರಿ. ಆಮ್ಯಾಲೆ ಅವರಿಗೆ ರೊಟ್ಟಿ ಯಾರು ಮಾಡಿಕೊಟ್ರು?”

ಮಕ್ಕಳೆಲ್ಲ ಜೈತುನ್ ಕಡೆ ತಿರುಗಿದರು. ಪರೀಕ್ಷಕರೂ ಪ್ರಶ್ನೆ ಚೆನ್ನಾಗಿದೆ ಎಂಬಂತೆ ತಲೆ ಎತ್ತಿದರು. ಬಾಗಿಲಿನಿಂದ ತಟ್ಟಿಮನಿ ಸರ್ ಸಣ್ಣಗೆ ಕೈಯಾಡಿಸಿ, ನಾಳೆ ಅನ್ನು, ನಾಳೆ ಅನ್ನು ಎಂದು ಸನ್ನೆ ಮಾಡಿದರು. ಜೈತುನ್ ಅದನ್ನು ನೋಡಿದಳು. ಅವಳ ಕೈ ಇನ್ನೂ ನನ್ನ ಮೇಲಿತ್ತು. ಅವಳು ಆ ಕೈ ತೆಗೆದು, ಮೇಜು ಬಳಸಿ, ಮುಂದಿನ ಬೆಂಚಿನ ಹತ್ತಿರ ಹೋಗಿ ನಿಂತಳು. ಮಗ್ಗಗಳು ನಿಲ್ಲಲಿಲ್ಲ. ಅವುಗಳ ಮೇಲಿಂದಲೇ ಮಾತಾಡಬೇಕಾಯಿತು.

“ಕಸ್ತೂರಿ, ಅಂಥ ಕವಿ ಯಾರೂ ಇರಲಿಲ್ಲ. ಏಳು ವರ್ಷದ ಹುಡುಗ, ಅವನ ಅವ್ವ, ಅವರ ಊರು, ಎಲ್ಲಾ ಸುಳ್ಳು. ಈ ಹಾಡು ಯಾರೋ ಹೆಂಗಸರು ಕಟ್ಟಿದ್ದು, ಅವರ ಹೆಸರು ಯಾರಿಗೂ ಗೊತ್ತಿಲ್ಲ. ಅದು ನನಗ ಮೂರನೇ ದಿನಕ್ಕs ತಿಳಿದಿತ್ತು. ತಿಳಿದ ಮ್ಯಾಲೂ ನಿನಗ ನಾಳೆ, ನಾಳೆ ಅಂದಾಕಿ ನಾನು.”